ಓದುಗರ ಪ್ರಶ್ನೆ–ಉತ್ತರ: ಕುಡಿತ ಬಿಡುವವರ ಸಭೆಗೆ ಮೊದಲ ಸಲ ಹೋಗುವ ಮುನ್ನ

ಕಳೆದ ಸಂಚಿಕೆಯಲ್ಲಿ ಮದ್ಯವ್ಯಸನದ ಬಗ್ಗೆ ಬಂದಿದ್ದ ಪ್ರಶ್ನೆಯೊಂದಕ್ಕೆ ಉತ್ತರಿಸುತ್ತ, ಚಿಕಿತ್ಸೆಯ ಜೊತೆಗೆ ಯಾವುದಾದರೂ ಬೆಂಬಲ ಗುಂಪಿಗೆ ಸೇರಿಕೊಳ್ಳುವುದು ಒಳ್ಳೆಯದು ಎಂದು ಬರೆದಿದ್ದೆ. ಆ ಒಂದು ಮಾತನ್ನು ಹಿಡಿದು ಕೇಳಿರುವ ಪತ್ರಗಳೇ ಈ ಸಲ ಹೆಚ್ಚಾಗಿ ಬಂದಿವೆ. ಆದ್ದರಿಂದ ಈ ಸಂಚಿಕೆಯ ಜಾಗವನ್ನೆಲ್ಲ ಅವುಗಳಿಗೇ ಮೀಸಲಿಟ್ಟಿದ್ದೇನೆ. ಬರೆದವರ ಗುರುತು ಸಿಗಬಹುದಾದ ವಿವರಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ಡಾಕ್ಟರೇ, ನಾನು ಹಾಸನ ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ಪ್ರೌಢಶಾಲಾ ಶಿಕ್ಷಕ, ವಯಸ್ಸು 46. ಸಂಜೆ ಕುಡಿಯುವ ಅಭ್ಯಾಸ ಬಹಳ ವರ್ಷಗಳದು. ಈಚೆಗೆ ದಿನಕ್ಕೊಂದು ಕ್ವಾರ್ಟರ್ ಆಗದಿದ್ದರೆ ನಿದ್ದೆ ಬರುವುದಿಲ್ಲ, ಬೆಳಗ್ಗೆ ಸೀಮೆಸುಣ್ಣ ಹಿಡಿದರೆ ಕೈ ನಡುಗುತ್ತದೆ. ಬಿಡಬೇಕೆಂದು ನಿಶ್ಚಯಿಸಿದ್ದೇನೆ. ಎ.ಎ. ಸಭೆಗೆ ಹೋಗು ಎಂದು ನನ್ನ ಭಾವ ಹೇಳಿದರು. ಅದು ಎಲ್ಲಿ ನಡೆಯುತ್ತದೆ, ಯಾರನ್ನು ಕೇಳಬೇಕು, ಒಳಗೆ ಹೋದವರಿಂದ ಏನು ಮಾಡಿಸುತ್ತಾರೆ ಎಂಬುದೊಂದೂ ಗೊತ್ತಿಲ್ಲ. ಊರು ಚಿಕ್ಕದು. ಮಕ್ಕಳ ತಂದೆತಾಯಿಯರ ಕಣ್ಣಿಗೆ ಬಿದ್ದರೆ ನನ್ನ ಮರ್ಯಾದೆಯ ಗತಿಯೇನು?

ಉತ್ತರ: ಸಭೆಯ ವಿಷಯಕ್ಕೆ ಬರುವ ಮೊದಲು ನಿಮ್ಮ ಕೈ ನಡುಕದ ವಿಷಯ ಮಾತಾಡಬೇಕು, ಏಕೆಂದರೆ ಅದು ಕಾಯುವ ಸಂಗತಿಯಲ್ಲ. ಕ್ವಾರ್ಟರ್ ಎಂದರೆ 180 ಎಂ.ಎಲ್.; ಅದರಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಇಷ್ಟು ಪ್ರಮಾಣಕ್ಕೆ ವರ್ಷಗಟ್ಟಲೆ ಒಗ್ಗಿಹೋದ ಮಿದುಳು ಅದು ಒಮ್ಮೆಲೇ ನಿಂತಾಗ ಕೆರಳುತ್ತದೆ. ಕೊನೆಯ ಗುಟುಕಿನ ನಂತರ ಆರೇಳು ಗಂಟೆಗಳಲ್ಲೇ ನಡುಕ, ಬೆವರು, ಎದೆಬಡಿತ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನಗಳೊಳಗೆ ಫಿಟ್ಸ್ ಬರುತ್ತದೆ. ಇನ್ನು ಕೆಲವರು ಎರಡನೆಯ ಅಥವಾ ಮೂರನೆಯ ದಿನದ ಹೊತ್ತಿಗೆ ಹಗಲು ರಾತ್ರಿಗಳ ಪರಿವೆಯಿಲ್ಲದೆ, ಇಲ್ಲದ್ದನ್ನು ಕಾಣುತ್ತ, ಮನೆಯವರ ಗುರುತೂ ಹಿಡಿಯದ ಸ್ಥಿತಿಗೆ ಹೋಗುತ್ತಾರೆ. ಈ ಕೊನೆಯ ಸ್ಥಿತಿ ಜೀವಕ್ಕೇ ಅಪಾಯ. ಬೆಳಗಿನ ಕೈ ನಡುಕ ನಿಮ್ಮ ದೇಹ ಈ ದಾರಿಯಲ್ಲಿದೆ ಎಂಬುದರ ಸೂಚನೆ. ಆದ್ದರಿಂದ ನಾಳೆಯಿಂದ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಒಬ್ಬರೇ ಶಪಥ ಮಾಡಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋಗಿ; ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದಂದು ಮನೋವೈದ್ಯರು ಬರುವ ‘ಮನೋಚೈತನ್ಯ’ ಕ್ಲಿನಿಕ್ ಕೂಡ ಇದೆ. ಕೆಲವು ದಿನಗಳ ಮಟ್ಟಿಗೆ ಕೊಡುವ ಮಾತ್ರೆಗಳು ಮತ್ತು ಥಯಾಮಿನ್ ಎಂಬ ವಿಟಮಿನ್‌ನಿಂದ ಈ ಹಂತವನ್ನು ಸುರಕ್ಷಿತವಾಗಿ ದಾಟಿಸಬಹುದು. ಸಭೆಯಲ್ಲಿ ಸಿಗುವವರು ಎಷ್ಟೇ ಅನುಭವಸ್ಥರಾಗಿದ್ದರೂ ಅವರಿಂದ ಇದು ಆಗುವ ಕೆಲಸವಲ್ಲ.

ಇನ್ನು ನಿಮ್ಮ ಭಾವ ಹೇಳಿದ ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ ಬಿಲ್ ವಿಲ್ಸನ್ ಎಂಬ ಷೇರು ವ್ಯವಹಾರದವರೂ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯರೂ ಭೇಟಿಯಾದದ್ದರಿಂದ ಇದು ಹುಟ್ಟಿತು. ಇಬ್ಬರೂ ಕುಡಿತದಿಂದ ಬದುಕು ಹಾಳುಮಾಡಿಕೊಂಡವರೇ. ವೈದ್ಯರೂ ಧರ್ಮಗುರುಗಳೂ ಹೇಳಿ ಸೋತಿದ್ದ ಮಾತು ಇನ್ನೊಬ್ಬ ಕುಡುಕನ ಬಾಯಿಂದ ಬಂದಾಗ ಮನಸ್ಸಿಗೆ ನಾಟುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಇಂದಿಗೂ ಇಡೀ ವ್ಯವಸ್ಥೆ ನಿಂತಿರುವುದು ಅದರ ಮೇಲೆಯೇ. ಭಾರತಕ್ಕೆ ಇದು ಬಂದದ್ದು 1957ರಲ್ಲಿ. ಇದು ಆಸ್ಪತ್ರೆಯಲ್ಲ, ಸ್ವಯಂಸೇವಾ ಸಂಸ್ಥೆಯೂ ಅಲ್ಲ, ಯಾವ ಧರ್ಮಕ್ಕೂ ಪಕ್ಷಕ್ಕೂ ಸೇರಿದ್ದಲ್ಲ. ಕುಡಿಯುವುದನ್ನು ನಿಲ್ಲಿಸಬೇಕೆಂಬ ಬಯಕೆಯೊಂದೇ ಸದಸ್ಯತ್ವಕ್ಕೆ ಬೇಕಾದ ಅರ್ಹತೆ. ಶುಲ್ಕವಿಲ್ಲ, ಅರ್ಜಿಯಿಲ್ಲ. ಬಾಡಿಗೆ ಮತ್ತು ಚಹಾದ ಖರ್ಚಿಗೆಂದು ಸದಸ್ಯರು ತಮ್ಮಲ್ಲೇ ಹಣ ಕೂಡಿಸುತ್ತಾರೆ. ಹೊರಗಿನವರ ದೇಣಿಗೆಯನ್ನು ನಿಯಮಪೂರ್ವಕವಾಗಿಯೇ ನಿರಾಕರಿಸುತ್ತಾರೆ.

ಹುಡುಕುವ ವಿಷಯ. ಎ.ಎ.ಯ ಭಾರತದ ಸೇವಾ ಕಚೇರಿ ಮುಂಬೈನಲ್ಲಿದೆ. ಅವರ ಜಾಲತಾಣದಲ್ಲಿ ಊರುವಾರು ಸಭೆಗಳ ವಿವರವನ್ನೂ ಸಹಾಯವಾಣಿಗಳ ಸಂಖ್ಯೆಯನ್ನೂ ನೋಡಬಹುದು. ಜಾಲತಾಣದ ಪಟ್ಟಿಗಳು ಹಳತಾಗಿರುವುದುಂಟು, ಸಭೆಯ ಜಾಗವೂ ಸಮಯವೂ ಬದಲಾಗಿರುವುದುಂಟು. ಆದ್ದರಿಂದ ಪಟ್ಟಿಯನ್ನು ನಂಬಿ ಬಸ್ಸು ಹತ್ತುವ ಮೊದಲು ಒಮ್ಮೆ ಫೋನ್ ಮಾಡಿ. ಎತ್ತುವವರು ಸಾಮಾನ್ಯವಾಗಿ ಕುಡಿತ ಬಿಟ್ಟ ಸದಸ್ಯರೇ ಆಗಿರುತ್ತಾರೆ, ಸಂಬಳಕ್ಕಿರುವ ನೌಕರರಲ್ಲ. ನಿಮ್ಮ ಊರಿಗೆ ಹತ್ತಿರದ ಸಭೆ ಯಾವುದು, ಅದು ಕನ್ನಡದಲ್ಲಿ ನಡೆಯುತ್ತದೆಯೇ, ಅದು ಮುಕ್ತ ಸಭೆಯೋ ಅಲ್ಲವೋ ಎಂಬ ಮೂರು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮುಕ್ತ ಸಭೆಗೆ ಮನೆಯವರು, ವಿದ್ಯಾರ್ಥಿಗಳು, ಕುತೂಹಲದಿಂದ ಬಂದವರು ಯಾರು ಬೇಕಾದರೂ ಕೂರಬಹುದು. ಮುಚ್ಚಿದ ಸಭೆಗೆ ಕುಡಿತದ ತೊಂದರೆ ತಮಗೇ ಇದೆ ಎನ್ನುವವರಿಗೆ ಮಾತ್ರ ಪ್ರವೇಶ. ಭಾವನವರು ಜೊತೆಗೆ ಬರುವುದಾದರೆ ಮುಕ್ತ ಸಭೆಯನ್ನೇ ಆರಿಸಿಕೊಳ್ಳಿ. ಫೋನಿನಿಂದ ಏನೂ ತಿಳಿಯದಿದ್ದರೆ ವೈದ್ಯಕೀಯ ಕಾಲೇಜಿನ ಮನೋವೈದ್ಯಕೀಯ ವಿಭಾಗದಲ್ಲಿರುವ ಸಮಾಜ ಕಾರ್ಯಕರ್ತರನ್ನು ವಿಚಾರಿಸಿ. ಯಾವ ಗುಂಪು ಎಲ್ಲಿ ಸೇರುತ್ತದೆ ಎಂಬುದು ವೈದ್ಯರಿಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಮತ್ತು ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಎರಡೂ ಉಚಿತ. ಮೊದಲನೆಯದರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಸಭೆಗಳು ಹೆಚ್ಚಾಗಿ ಶಾಲೆಯ ಕೋಣೆಯಲ್ಲೋ ಚರ್ಚಿನ ಸಭಾಂಗಣದಲ್ಲೋ ಸಮುದಾಯ ಭವನದಲ್ಲೋ ಸಂಜೆಯ ಹೊತ್ತು ನಡೆಯುತ್ತವೆ. ಚರ್ಚಿನಲ್ಲಿ ನಡೆದರೆ ಅದು ಚರ್ಚಿನ ಕಾರ್ಯಕ್ರಮವಲ್ಲ, ಜಾಗ ಮಾತ್ರ ಅವರದು. ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ ಗಂಟೆಯ ಸಭೆ. ಆ ದಿನ ನಡೆಸಿಕೊಡುವವರು ಎ.ಎ. ಎಂದರೇನೆಂದು ತಿಳಿಸುವ ಒಂದು ಚಿಕ್ಕ ಬರಹವನ್ನು ಓದಿ ಆರಂಭಿಸುತ್ತಾರೆ. ಆಮೇಲೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ಇದನ್ನು ‘ಶೇರಿಂಗ್’ ಎನ್ನುತ್ತಾರೆ. ಮಾತಾಡುವವರು ತಮ್ಮ ಹೆಸರು ಹೇಳಿ ‘ನಾನೊಬ್ಬ ಆಲ್ಕೊಹಾಲಿಕ್’ ಎಂದು ಆರಂಭಿಸುವುದು ವಾಡಿಕೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ನಡುವೆ ಬಾಯಿ ಹಾಕುವುದಿಲ್ಲ, ಉಪದೇಶ ಮಾಡುವುದಿಲ್ಲ, ಹಾಗೆ ಮಾಡಬಾರದಿತ್ತು ಎನ್ನುವುದಿಲ್ಲ. ನಮ್ಮ ಮನೆಗಳಲ್ಲಿ ಕುಡಿಯುವವನಿಗೆ ಸಿಗುವುದು ಬೈಗುಳ ಅಥವಾ ಕಣ್ಣೀರು. ಇವೆರಡೂ ಇಲ್ಲದ ಜಾಗದಲ್ಲಿ ತನ್ನ ಮಾತನ್ನು ಪೂರ್ತಿ ಕೇಳಿಸಿಕೊಳ್ಳುವವರಿದ್ದಾರೆ ಎನ್ನುವುದೇ ಎಷ್ಟೋ ಜನರನ್ನು ಎರಡನೆಯ ಸಭೆಗೆ ಎಳೆದು ತರುತ್ತದೆ ಎಂದು ನನಗನ್ನಿಸಿದೆ. ನೀವು ಮೊದಲ ದಿನ ಏನನ್ನೂ ಹೇಳಬೇಕಾಗಿಲ್ಲ. ನಿಮ್ಮ ಸರದಿ ಬಂದಾಗ ‘ಇವತ್ತು ಕೇಳಲಿಕ್ಕೆ ಬಂದಿದ್ದೇನೆ’ ಎಂದರೆ ಮುಂದಿನವರು ಮಾತಾಡುತ್ತಾರೆ. ಕೊನೆಗೆ ಎಲ್ಲರೂ ಎದ್ದು ನಿಂತು ಒಂದು ಪ್ರಾರ್ಥನೆ ಹೇಳುತ್ತಾರೆ. ಬೇಡವೆನಿಸಿದರೆ ಸುಮ್ಮನೆ ನಿಂತಿರಬಹುದು.

ನನ್ನ ದೃಷ್ಟಿಯಲ್ಲಿ ಸಭೆಯಷ್ಟೇ ಮುಖ್ಯವಾದದ್ದು ಸಭೆ ಮುಗಿದ ಮೇಲಿನ ಕಾಲು ಗಂಟೆ. ಚಹಾದ ಲೋಟ ಹಿಡಿದು ನಿಂತಾಗ ಯಾರಾದರೂ ಬಂದು ಮಾತಾಡಿಸುತ್ತಾರೆ, ಫೋನ್ ಸಂಖ್ಯೆ ಕೊಡುತ್ತಾರೆ. ನಾಚಿಕೆಯಿಂದ ಕಾರ್ಯಕ್ರಮ ಮುಗಿದ ಕೂಡಲೇ ಹೊರಟುಬಿಡುವವರು ಈ ಭಾಗವನ್ನು ಕಳೆದುಕೊಳ್ಳುತ್ತಾರೆ. ಸಂಜೆ ಏಳು ಗಂಟೆಗೆ ಬಾರಿನ ಮುಂದೆ ಹಾದು ಹೋಗುವಾಗ ಕಾಲು ತಡೆದರೆ, ಆ ಕ್ಷಣಕ್ಕೆ ಫೋನ್ ಮಾಡಲು ಒಬ್ಬರಾದರೂ ಇರಬೇಕು. ಇಬ್ಬರ ಸಂಖ್ಯೆ ಬರೆದುಕೊಂಡೇ ಹೊರಡಿ.

ಮರ್ಯಾದೆಯ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಸಭೆಯಲ್ಲಿ ಕಂಡವರ ಹೆಸರನ್ನು, ಕೇಳಿದ ಮಾತನ್ನು ಹೊರಗೆ ಒಯ್ಯಬಾರದು ಎಂಬುದು ಎ.ಎ.ಯ ಬಲವಾದ ಸಂಪ್ರದಾಯ. ಅಲ್ಲಿ ಪೂರ್ತಿ ಹೆಸರು, ಉದ್ಯೋಗ, ಊರು ಯಾವುದನ್ನೂ ಕೇಳುವುದಿಲ್ಲ. ಆದರೂ ಅದು ಪರಸ್ಪರ ವಿಶ್ವಾಸದ ಮೇಲೆ ನಿಂತಿರುವ ನಡವಳಿಕೆ, ಕಾನೂನಿನ ಕಟ್ಟಳೆಯಲ್ಲ. ಚಿಕಿತ್ಸೆ ಕೊಡುವ ವೈದ್ಯರ ವಿಷಯ ಹಾಗಲ್ಲ: 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಿಮ್ಮ ವಿವರವನ್ನು ಗೋಪ್ಯವಾಗಿಡುವುದು ಅವರ ಕರ್ತವ್ಯ. ಮೊದಮೊದಲು ನಿಮ್ಮ ಊರಿನದನ್ನು ಬಿಟ್ಟು ಪಕ್ಕದ ಜಿಲ್ಲೆಯ ಅಥವಾ ಬೆಂಗಳೂರಿನ ಸಭೆಗೆ ಭಾನುವಾರ ಹೋಗಿ ಬನ್ನಿ. ವಾರದ ನಡುವೆ ಫೋನಿನಲ್ಲಿ ಆನ್‌ಲೈನ್ ಸಭೆಗೆ ಸೇರಿಕೊಳ್ಳಿ, ಅಲ್ಲಿ ಕ್ಯಾಮೆರಾ ಹಾಕದೆಯೂ ಕೂರಬಹುದು. ಇನ್ನೊಂದು ಮಾತನ್ನೂ ಹೇಳದೆ ಇರಲಾರೆ. ದಿನಾಲೂ ಸಂಜೆ ಬಾರಿಗೋ ಎಂ.ಎಸ್.ಐ.ಎಲ್. ಅಂಗಡಿಗೋ ಹೋಗುವುದನ್ನು ನಿಮ್ಮ ಊರು ಈಗಾಗಲೇ ನೋಡಿರುವ ಸಾಧ್ಯತೆ, ನೀವು ತಿಳಿದಿರುವುದಕ್ಕಿಂತ ಹೆಚ್ಚು.

ಪ್ರಶ್ನೆ: ನಮ್ಮ ಮನೆಯವರು ಹದಿನೈದು ವರ್ಷಗಳಿಂದ ಕುಡಿಯುತ್ತಿದ್ದಾರೆ. ಆಸ್ಪತ್ರೆ, ಮೀಟಿಂಗ್ ಎಂದರೆ ಸಿಟ್ಟಿಗೇಳುತ್ತಾರೆ. ಪಕ್ಕದ ಮನೆಯ ಅಕ್ಕ ಒಂದು ಪುಡಿ ತಂದುಕೊಟ್ಟು, ಗೊತ್ತಾಗದಂತೆ ಸಾರಿನಲ್ಲಿ ಬೆರೆಸು, ಒಂದು ತಿಂಗಳಲ್ಲಿ ಬಿಡುತ್ತಾರೆ ಎಂದಿದ್ದಾರೆ. ಬಲವಂತವಾಗಿ ಬಂದು ಕರೆದುಕೊಂಡು ಹೋಗುವ ಸೆಂಟರ್‌ಗಳೂ ಇವೆಯಂತೆ. ಅವರು ಬಾರದಿದ್ದರೆ ನಾನು ಮಾತ್ರ ಹೋಗುವಂಥ ಗುಂಪು ಇದೆಯೇ? — ದಾವಣಗೆರೆಯ ಗೃಹಿಣಿ

ಉತ್ತರ: ಅಮ್ಮಾ, ಆ ಪುಡಿಯನ್ನು ದಯವಿಟ್ಟು ಬೆರೆಸಬೇಡಿ. ಅದರೊಳಗೆ ಏನಿದೆ ಎಂದು ಕೊಟ್ಟವರಿಗೂ ಗೊತ್ತಿರುವುದಿಲ್ಲ. ಒಂದು ವೇಳೆ ಅದರಲ್ಲಿ ಡೈಸಲ್ಫಿರಾಂ ಎಂಬ ಔಷಧ ಇದ್ದರೆ, ಅದರ ಮೇಲೆ ಕುಡಿದವನಿಗೆ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ ರಕ್ತದೊತ್ತಡ ಕುಸಿಯಬಹುದು. ಹೃದಯದ ತೊಂದರೆ ಇದ್ದವರ ಪ್ರಾಣವೇ ಹೋಗಬಹುದು. ಇದೇ ಔಷಧವನ್ನು ವೈದ್ಯರು ಪರೀಕ್ಷೆ ಮಾಡಿಸಿ, ಕುಡಿಯುವವರಿಗೆ ಎಲ್ಲವನ್ನೂ ವಿವರಿಸಿ, ಅವರ ಒಪ್ಪಿಗೆ ಪಡೆದು ಕೊಡುತ್ತಾರೆ. ನಿಲ್ಲಿಸಿದ ಮೇಲೂ ಎರಡು ವಾರಗಳವರೆಗೆ ಅದರ ಪರಿಣಾಮ ದೇಹದಲ್ಲಿ ಉಳಿಯಬಹುದಾದ್ದರಿಂದ ಆ ಎಚ್ಚರಿಕೆಯನ್ನೂ ಹೇಳಿರುತ್ತಾರೆ. ತನಗೇ ತಿಳಿಯದಂತೆ ನುಂಗಿದವನಿಗೆ ಈ ಯಾವ ರಕ್ಷಣೆಯೂ ಇರುವುದಿಲ್ಲ. ಜೊತೆಗೆ, ಎಂದಾದರೂ ವಿಷಯ ಬಯಲಾದರೆ ಅವರು ನಿಮ್ಮ ಕೈಯ ಊಟವನ್ನೂ ನಂಬದಂತಾಗುತ್ತದೆ.

ಮನೆಗೆ ಬಂದು ಕೈಕಾಲು ಕಟ್ಟಿ ಎತ್ತಿಕೊಂಡು ಹೋಗುವ ಸೆಂಟರ್‌ಗಳಿಂದಲೂ ದೂರವಿರಿ. ವ್ಯಸನದಿಂದಾಗುವ ಮಾನಸಿಕ ತೊಂದರೆಗಳೂ 2017ರ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ರೋಗಿ ಒಪ್ಪದಿರುವಾಗ ದಾಖಲಿಸಿಕೊಳ್ಳಬೇಕಾದರೆ ಮನೋವೈದ್ಯರೊಬ್ಬರೂ ಇನ್ನೊಬ್ಬ ಮಾನಸಿಕ ಆರೋಗ್ಯ ತಜ್ಞರು ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಿ, ಕಾಯ್ದೆ ಹೇಳುವ ಗಂಭೀರ ಸ್ಥಿತಿ ಇದೆಯೆಂದು ಖಚಿತಪಡಿಸಬೇಕು. ಸರಪಳಿ ಹಾಕುವುದಕ್ಕೆ ಯಾವ ಸಂದರ್ಭದಲ್ಲೂ ಅವಕಾಶವಿಲ್ಲ. ಯಾವುದೇ ಸೆಂಟರಿಗೆ ಸೇರಿಸುವ ಮೊದಲು ಅದರ ನೋಂದಣಿ ಪತ್ರವನ್ನು ತೋರಿಸಿ ಎಂದು ಕೇಳಿ. ಅಲ್ಲಿಗೆ ಬಂದು ಹೋಗುವ ವೈದ್ಯರು ಯಾರು, ಮನೆಯವರು ರೋಗಿಯನ್ನು ನೋಡಲು ಬಿಡುತ್ತಾರೆಯೇ ಎಂಬುದನ್ನೂ ಕೇಳಿ. ಇದಕ್ಕೆ ನೇರವಾಗಿ ಉತ್ತರಿಸದ ಕಡೆ ಹಣ ಕಟ್ಟಬೇಡಿ.

ನಿಮಗೊಂದು ಗುಂಪು ಖಂಡಿತ ಇದೆ. ಅದರ ಹೆಸರು ಆಲ್-ಅನಾನ್. ಎ.ಎ.ಯ ಸ್ಥಾಪಕರಲ್ಲೊಬ್ಬರಾದ ಬಿಲ್ ಅವರ ಪತ್ನಿ ಲೋಯಿಸ್ ವಿಲ್ಸನ್ 1951ರಲ್ಲಿ ಗೆಳತಿಯೊಬ್ಬರೊಡನೆ ಸೇರಿ ಇದನ್ನು ಕಟ್ಟಿದರು. ಕುಡಿಯುವವರ ಹೆಂಡತಿ, ಗಂಡ, ತಂದೆತಾಯಿ, ಒಡಹುಟ್ಟಿದವರು ಇಲ್ಲಿ ಸೇರುತ್ತಾರೆ. ಹದಿಹರೆಯದ ಮಕ್ಕಳಿಗೆ ಅಲಟೀನ್ ಎಂಬ ಪ್ರತ್ಯೇಕ ವಿಭಾಗವಿದೆ. ನಿಮ್ಮ ಯಜಮಾನರು ಕುಡಿಯುತ್ತಲೇ ಇದ್ದರೂ, ನೀವು ಹೋಗುತ್ತಿರುವುದು ಅವರಿಗೆ ಗೊತ್ತಿಲ್ಲದಿದ್ದರೂ ನೀವು ಅಲ್ಲಿ ಸದಸ್ಯರಾಗಬಹುದು. ಎ.ಎ. ಸಹಾಯವಾಣಿಗೆ ಫೋನ್ ಮಾಡಿದರೆ ನಿಮ್ಮ ಭಾಗದಲ್ಲಿ ಆಲ್-ಅನಾನ್ ಸಭೆ ಎಲ್ಲಿದೆ ಎಂದು ಸಾಮಾನ್ಯವಾಗಿ ತಿಳಿಸುತ್ತಾರೆ. ಎ.ಎ.ಗೆ ಹೋಲಿಸಿದರೆ ಈ ಗುಂಪುಗಳು ವಿರಳ. ಹತ್ತಿರ ಸಿಗದಿದ್ದರೆ ಆನ್‌ಲೈನ್ ಸಭೆಯನ್ನು ಕೇಳಿ ಪಡೆಯಿರಿ.

ಗಂಡನನ್ನು ಬದಲಿಸುವ ಉಪಾಯವನ್ನು ಅಲ್ಲಿ ಕಲಿಸುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲವಾದರೆ ಮೊದಲ ಸಭೆಯಲ್ಲೇ ನಿಮಗೆ ನಿರಾಸೆಯಾದೀತು. ಅವರ ಕುಡಿತಕ್ಕೆ ನೀವು ಕಾರಣರಲ್ಲ, ಅದನ್ನು ಹತೋಟಿಯಲ್ಲಿಡುವುದೂ ವಾಸಿಮಾಡುವುದೂ ನಿಮ್ಮಿಂದಾಗದು ಎಂಬಲ್ಲಿಂದ ಅವರು ಆರಂಭಿಸುತ್ತಾರೆ. ಆಮೇಲೆ ಮಾತು ನಿತ್ಯದ ಸಂಗತಿಗಳ ಕಡೆಗೆ ಹೊರಳುತ್ತದೆ: ಬೆಳಗ್ಗೆ ಏಳಲಾಗದ ಗಂಡನ ಪರವಾಗಿ ಅವರ ಕಚೇರಿಗೆ ಜ್ವರವೆಂದು ಸುಳ್ಳು ಹೇಳಬೇಕೇ, ಬಾರಿನ ಸಾಲವನ್ನು ಒಡವೆ ಅಡವಿಟ್ಟು ತೀರಿಸಬೇಕೇ, ಮತ್ತಿನಲ್ಲಿದ್ದಾಗ ವಾದಕ್ಕಿಳಿಯಬೇಕೇ ಇತ್ಯಾದಿ. ಈ ಮೂರನ್ನೂ ನಿಲ್ಲಿಸಿದ ಮನೆಗಳಲ್ಲಿ ಕುಡಿಯುವವರು ತಮ್ಮ ಕುಡಿತದ ಫಲವನ್ನು ತಾವೇ ಎದುರಿಸಬೇಕಾಗಿ ಬಂದು ಚಿಕಿತ್ಸೆಗೆ ಒಪ್ಪಿದ್ದನ್ನು ನಾನು ಕಂಡಿದ್ದೇನೆ. ಒಪ್ಪದೆ ಉಳಿದವರನ್ನೂ ಕಂಡಿದ್ದೇನೆ. ಹೊಡೆತ ಬಡಿತ ನಡೆಯುತ್ತಿದ್ದರೆ ಮಾತ್ರ ಯಾವ ಸಭೆಗೂ ಕಾಯದೆ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ.

ಪ್ರಶ್ನೆ: ನಾನು ಮೈಸೂರಿನ ಸಾಫ್ಟ್‌ವೇರ್ ಉದ್ಯೋಗಿ, ದೇವರನ್ನು ನಂಬುವವನಲ್ಲ. ಒಮ್ಮೆ ಎ.ಎ. ಸಭೆಗೆ ಹೋದಾಗ ಗೋಡೆಯ ಮೇಲಿದ್ದ ಹನ್ನೆರಡು ಹೆಜ್ಜೆಗಳಲ್ಲಿ (ಕುಡಿತ ಬಿಡಲು ಎ.ಎ. ಹಾಕಿಕೊಟ್ಟ ಕ್ರಮ) ದೇವರ ಮಾತು ಪದೇಪದೇ ಬಂದದ್ದನ್ನು ನೋಡಿ ಅರ್ಧಕ್ಕೇ ಎದ್ದು ಬಂದೆ. ಇದರಿಂದ ಪ್ರಯೋಜನವಾಗುತ್ತದೆ ಎನ್ನುವುದಕ್ಕೆ ಆಧಾರವಾದರೂ ಇದೆಯೇ?

ಉತ್ತರ: ಆಧಾರ ಇದೆ. ಔಷಧ ಮತ್ತು ಚಿಕಿತ್ಸೆಗಳ ಅಧ್ಯಯನಗಳನ್ನು ಜರಡಿ ಹಿಡಿದು ನೋಡುವ ಕಾಕ್ರೇನ್ ಸಂಸ್ಥೆ 2020ರಲ್ಲಿ ಎ.ಎ. ಬಗ್ಗೆ ಒಂದು ಸಮೀಕ್ಷೆಯನ್ನು ಪ್ರಕಟಿಸಿತು. 27 ಅಧ್ಯಯನಗಳು, 10,565 ಮಂದಿ. ರೋಗಿಗಳನ್ನು ಕ್ರಮಬದ್ಧವಾಗಿ ಎ.ಎ. ಕಡೆಗೆ ತಿರುಗಿಸುವ ಚಿಕಿತ್ಸೆ ಪಡೆದವರಲ್ಲಿ ಒಂದು ವರ್ಷದ ನಂತರ ಪೂರ್ತಿಯಾಗಿ ಕುಡಿತ ಬಿಟ್ಟಿದ್ದವರು ನೂರಕ್ಕೆ ಸುಮಾರು 42, ಇತರ ಮನೋಚಿಕಿತ್ಸೆಗಳನ್ನು ಪಡೆದವರಲ್ಲಿ ಸುಮಾರು 35. ದೊಡ್ಡ ಅಂತರವೆಂದು ಹೇಳಲಾಗದು, ಆದರೆ ಖರ್ಚಿಲ್ಲದೆ ಸಿಗುವ ಒಂದು ವ್ಯವಸ್ಥೆ ತಜ್ಞರ ಚಿಕಿತ್ಸೆಗಿಂತ ಹಿಂದೆ ಬೀಳಲಿಲ್ಲ ಎನ್ನುವುದು ಗಮನಿಸಬೇಕಾದ ಸಂಗತಿ. ಪೂರ್ತಿ ಬಿಡದೆ ಕುಡಿಯುವ ಪ್ರಮಾಣವನ್ನಷ್ಟೇ ಇಳಿಸುವ ವಿಷಯದಲ್ಲಿ ಎ.ಎ. ಇತರ ಚಿಕಿತ್ಸೆಗಳಿಗೆ ಹೆಚ್ಚುಕಡಿಮೆ ಸಮವಾಗಿತ್ತೇ ಹೊರತು ಮುಂದಿರಲಿಲ್ಲ. ಅಧ್ಯಯನಗಳು ಬಹುಪಾಲು ಅಮೆರಿಕದವು ಎಂಬುದನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ದೇವರ ಪ್ರಶ್ನೆ ಎ.ಎ.ಯ ಆರಂಭದ ದಿನಗಳಲ್ಲೇ ಎದ್ದಿತ್ತು. ಆಗಲೂ ಸದಸ್ಯರಲ್ಲಿ ನಂಬದವರಿದ್ದರು. ಅವರ ಆಕ್ಷೇಪದಿಂದಾಗಿಯೇ ‘ನಾವು ಅರಿತುಕೊಂಡ ರೀತಿಯ ದೇವರು’, ‘ನಮಗಿಂತ ಹಿರಿದಾದ ಶಕ್ತಿ’ ಎಂಬ ಮಾತುಗಳು ಹೆಜ್ಜೆಗಳಲ್ಲಿ ಸೇರಿಕೊಂಡವು. ಆ ಹಿರಿದಾದ ಶಕ್ತಿ ಎಂದರೆ ಕುಡಿಯದೆ ಕೂತಿರುವ ಈ ಗುಂಪೇ ಎಂದುಕೊಂಡು ವರ್ಷಗಟ್ಟಲೆ ಬರುವವರಿದ್ದಾರೆ. ಒಂದೇ ಸಭೆಯನ್ನು ನೋಡಿ ತೀರ್ಮಾನಿಸಬೇಡಿ ಎನ್ನುವುದು ನನ್ನ ಸಲಹೆ: ಕೆಲವು ಗುಂಪುಗಳಲ್ಲಿ ಭಜನೆಯ ವಾತಾವರಣವೇ ಇರುತ್ತದೆ, ಇನ್ನು ಕೆಲವಲ್ಲಿ ಮಾತೆಲ್ಲ ಸಂಬಳ, ಸಂಸಾರ, ನಿದ್ದೆಗಳದೇ. ಇಷ್ಟಾದರೂ ಒಗ್ಗದಿದ್ದರೆ 1994ರಲ್ಲಿ ಆರಂಭವಾದ ಸ್ಮಾರ್ಟ್ ರಿಕವರಿ ಎಂಬ ಗುಂಪಿನ ಆನ್‌ಲೈನ್ ಸಭೆಗಳಿವೆ. ಅಲ್ಲಿ ದೇವರ ಪ್ರಸ್ತಾಪವಿಲ್ಲ, ಆಸೆ ಕೆರಳಿದಾಗ ಯೋಚನೆಯನ್ನು ಹೇಗೆ ನಿಭಾಯಿಸಬೇಕೆಂಬ ಅಭ್ಯಾಸಗಳಿರುತ್ತವೆ. ಇಂಗ್ಲಿಷ್ ನಿಮಗೆ ತೊಡಕಾಗಲಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಅಲ್ಲಿ ಆಪ್ತಸಮಾಲೋಚಕರ ನೆರವನ್ನೂ ಪಡೆಯಬಹುದು.

ಪ್ರಶ್ನೆ: ಕಳೆದ ವರ್ಷ ನಮ್ಮ ತಾಲ್ಲೂಕಿನಲ್ಲಿ ನಡೆದ ಮದ್ಯವರ್ಜನ ಶಿಬಿರಕ್ಕೆ ಸೇರಿ ಕುಡಿತ ಬಿಟ್ಟಿದ್ದೆ. ಏಳು ತಿಂಗಳ ನಂತರ ತಂಗಿಯ ಮಗನ ಮದುವೆಯಲ್ಲಿ ಒಂದು ಪೆಗ್ ಎಂದು ಶುರುವಾಗಿ ಮತ್ತೆ ಮೊದಲಿನಂತಾಗಿದೆ. ನವಜೀವನ ಸಮಿತಿಯವರಿಗೆ ಮುಖ ತೋರಿಸಲು ನಾಚಿಕೆ. ಬೇರೆಡೆ ಎ.ಎ.ಗೆ ಹೋಗಬೇಕೇ? ಮನೋವೈದ್ಯರು ಮಾತ್ರೆ ಬರೆದುಕೊಟ್ಟಿದ್ದಾರೆ. ಅದೂ ಒಂದು ಚಟವೇ, ತೆಗೆದುಕೊಳ್ಳಬೇಡ ಎಂದು ಗೆಳೆಯನೊಬ್ಬ ಹೇಳುತ್ತಾನೆ. — ಉಡುಪಿ ಜಿಲ್ಲೆಯ ಕೃಷಿಕ

ಉತ್ತರ: ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರುಗಳಲ್ಲಿ ನಡೆಸುವ ಎಂಟು ದಿನಗಳ ಶಿಬಿರವನ್ನು ತಿಳಿಯದ ಓದುಗರಿಗಾಗಿ ಒಂದು ಮಾತು: ಕುಡಿತ ಬಿಡಬೇಕೆನ್ನುವವರು ಅಲ್ಲೇ ಉಳಿದು, ಯೋಗ, ಭಜನೆ, ಆಪ್ತಸಲಹೆಗಳಲ್ಲಿ ತೊಡಗುತ್ತಾರೆ, ಶಿಬಿರ ಮುಗಿಸಿದವರು ಕೂಡಿ ಉಳಿಯಲೆಂದು ನವಜೀವನ ಸಮಿತಿಗಳಿವೆ. ಶಿಬಿರದ ದೊಡ್ಡ ಬಲವೆಂದರೆ ಊರಿನವರೇ ಮುಂದೆ ನಿಂತು ನಡೆಸುವುದು, ಹೆಂಡತಿ ಮಕ್ಕಳನ್ನೂ ಒಳಗೊಳ್ಳುವುದು. ನಿಮ್ಮ ಈಗಿನ ಸಂಕಟಕ್ಕೂ ಅದೇ ಕಾರಣ: ಊರಿನೆದುರು ಬಿಟ್ಟವರು ಮತ್ತೆ ಕುಡಿದರೆ ಊರಿಗೇ ಮುಖ ತೋರಿಸಬೇಕಾಗುತ್ತದೆ.

ಆದರೆ ಮರಳಿ ಕುಡಿದವರು ಬರಬಾರದು ಎಂದಾದರೆ ಇಂಥ ಸಮಿತಿಗಳಿಗೆ ಕೆಲಸವೇ ಉಳಿಯುವುದಿಲ್ಲ. ಮದ್ಯವ್ಯಸನ ಮರುಕಳಿಸುವ ಸ್ವಭಾವದ ಕಾಯಿಲೆ. ಬಿಟ್ಟ ಮೇಲಿನ ಮೊದಲ ವರ್ಷದಲ್ಲೇ ಜಾರುವವರು ಬಹಳ. ಏಳು ತಿಂಗಳು ಬಿಟ್ಟಿದ್ದೀರಿ ಎಂದರೆ ಆ ಏಳು ತಿಂಗಳಲ್ಲಿ ನಿಮಗೆ ಯಾವುದು ಕೈ ಹಿಡಿದಿತ್ತು, ಮದುವೆಗೆ ಮುಂಚಿನ ವಾರಗಳಲ್ಲಿ ಯಾವುದು ತಪ್ಪಿಹೋಗಿತ್ತು ಎಂದು ನೋಡಬೇಕು. ನನ್ನ ಊಹೆ, ಸಮಿತಿಯ ಸಭೆಗೆ ಹೋಗುವುದು ಮದುವೆಗಿಂತ ಮೊದಲೇ ನಿಂತಿತ್ತು. ಸಮಿತಿಯಲ್ಲಿ ನೀವು ಹೆಚ್ಚು ನಂಬುವ ಒಬ್ಬರಿಗೆ ಮೊದಲು ಫೋನ್ ಮಾಡಿ, ಅವರ ಜೊತೆಯಲ್ಲೇ ಸಭೆಗೆ ಹೋಗಿ. ಎ.ಎ.ಗೂ ಹೋಗಬಹುದು, ಎರಡಕ್ಕೂ ಒಟ್ಟಿಗೆ ಹೋಗಲು ಯಾವ ಅಡ್ಡಿಯೂ ಇಲ್ಲ. ಎ.ಎ.ಯಲ್ಲಿ ಇಂಥದ್ದಕ್ಕೆ ‘ಸ್ಲಿಪ್’ ಎನ್ನುತ್ತಾರೆ. ದಿನಗಳ ಎಣಿಕೆಯನ್ನು ಮತ್ತೆ ಒಂದರಿಂದ ಶುರುಮಾಡುತ್ತಾರೆ, ಅಷ್ಟೆ. ಈಗ ಪ್ರತಿದಿನ ಕುಡಿಯುತ್ತಿರುವುದರಿಂದ, ಹಾಸನದ ಶಿಕ್ಷಕರಿಗೆ ಹೇಳಿದ ಎಚ್ಚರಿಕೆ ನಿಮಗೂ ಅನ್ವಯಿಸುತ್ತದೆ: ವೈದ್ಯರ ನೆರವಿಲ್ಲದೆ ಒಮ್ಮೆಲೇ ನಿಲ್ಲಿಸಬೇಡಿ.

ಮಾತ್ರೆಯ ವಿಷಯದಲ್ಲಿ ಗೆಳೆಯನ ಮಾತನ್ನು ಕೇಳಬೇಡಿ. ಕುಡಿಯುವ ಹಂಬಲವನ್ನು ತಗ್ಗಿಸಲು ಕೊಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಔಷಧಗಳು ಚಟ ಹಿಡಿಸುವುದಿಲ್ಲ. ನಿದ್ದೆ ಮತ್ತು ನಡುಕಕ್ಕೆ ಕೊಡುವ ಕೆಲವು ಮಾತ್ರೆಗಳು ತಿಂಗಳುಗಟ್ಟಲೆ ನುಂಗಿದರೆ ಅಭ್ಯಾಸವಾಗಬಲ್ಲವು ನಿಜ. ಆದ್ದರಿಂದಲೇ ಅವನ್ನು ಕೆಲವು ದಿನಗಳಿಗೆ ಮಾತ್ರ ಕೊಟ್ಟು ವೈದ್ಯರೇ ಇಳಿಸುತ್ತಾರೆ. ಸಭೆಗಳಲ್ಲೂ ಒಮ್ಮೊಮ್ಮೆ ಯಾರಾದರೂ ಹಿರಿಯ ಸದಸ್ಯರು ಮಾತ್ರೆ ಬಿಡು ಎಂದು ಹೇಳುವುದುಂಟು. ಯಾವ ಸದಸ್ಯನೂ ವೈದ್ಯನ ಪಾತ್ರ ವಹಿಸಬಾರದು ಎಂಬುದು ಎ.ಎ.ಯೇ ತನ್ನ ಪ್ರಕಟಣೆಯಲ್ಲಿ ಹೇಳಿರುವ ಮಾತು.

ಪ್ರಶ್ನೆ: ನಾನು ಬೆಂಗಳೂರಿನ ಬ್ಯಾಂಕ್ ಉದ್ಯೋಗಿ, 38 ವರ್ಷ, ಹೆಣ್ಣು. ರಾತ್ರಿ ಮಗಳು ಮಲಗಿದ ಮೇಲೆ ಒಬ್ಬಳೇ ಕುಡಿಯುತ್ತೇನೆ. ಗುಂಪಿಗೆ ಹೋದರೆ ಅಲ್ಲಿ ಗಂಡಸರೇ ಇರುತ್ತಾರೆ ಎಂದು ಹೆದರಿ ಹಿಂಜರಿಯುತ್ತಿದ್ದೇನೆ.

ಉತ್ತರ: ನಿಮ್ಮ ಅಂಜಿಕೆ ಆಧಾರವಿಲ್ಲದ್ದಲ್ಲ. ನಮ್ಮಲ್ಲಿನ ಬಹುಪಾಲು ಸಭೆಗಳಲ್ಲಿ ಗಂಡಸರೇ ತುಂಬಿರುತ್ತಾರೆ, ಕುಡಿಯುವ ಗಂಡಸಿಗೆ ಸಿಗುವ ಅನುಕಂಪ ಕುಡಿಯುವ ಹೆಣ್ಣಿಗೆ ಸಿಗುವುದಿಲ್ಲ ಎಂಬುದೂ ನಿಜ. ಹಾಗೆಂದು ನೀವು ತಡಮಾಡುವಂತೆಯೂ ಇಲ್ಲ. ಅದೇ ಪ್ರಮಾಣದ ಮದ್ಯ ಹೆಣ್ಣಿನ ಯಕೃತ್ತನ್ನು ಗಂಡಿನದಕ್ಕಿಂತ ಬೇಗ ಹಾಳುಮಾಡುತ್ತದೆ.

ಮಹಿಳೆಯರಿಗೆಂದೇ ನಡೆಯುವ ಎ.ಎ. ಸಭೆಗಳಿವೆ. ಬೆಂಗಳೂರಿನ ಸಹಾಯವಾಣಿಗೆ ಫೋನ್ ಮಾಡಿದಾಗ ಮಹಿಳಾ ಸದಸ್ಯರೊಬ್ಬರೊಡನೆ ಮಾತಾಡಬೇಕು ಎಂದು ನೇರವಾಗಿ ಕೇಳಿ. ಮೊದಲ ಸಲ ಅವರೊಡನೆಯೇ ಹೋಗಿ. ಸಂಜೆ ಮಗಳನ್ನು ಬಿಟ್ಟು ಹೊರಡಲಾಗದಿದ್ದರೆ ಮಹಿಳೆಯರ ಆನ್‌ಲೈನ್ ಸಭೆಗಳು ನಿಮಗೆ ಹೆಚ್ಚು ಅನುಕೂಲ. ಅವು ಮಗಳು ಮಲಗಿದ ಹೊತ್ತಿಗೇ, ಅಂದರೆ ನೀವು ಕುಡಿಯಲು ಕೂರುವ ಹೊತ್ತಿಗೇ ಸಿಗುವಂತಿದ್ದರೆ ಇನ್ನೂ ಒಳ್ಳೆಯದು. ಕೆಲವು ದಿನಗಳ ನಂತರ ‘ಸ್ಪಾನ್ಸರ್’ ಒಬ್ಬರನ್ನು ಆರಿಸಿಕೊಳ್ಳಲು ಹೇಳುತ್ತಾರೆ. ಇದಕ್ಕೂ ಹಣಕ್ಕೂ ಸಂಬಂಧವಿಲ್ಲ. ಬಿಟ್ಟು ಕೆಲವು ವರ್ಷಗಳಾದ, ಹೊಸಬರಿಗೆ ದಾರಿ ತೋರಿಸುವ ಹಿರಿಯ ಸದಸ್ಯರು ಅವರು. ಹೆಣ್ಣಿಗೆ ಹೆಣ್ಣೇ ಸ್ಪಾನ್ಸರ್ ಆಗಬೇಕೆಂಬುದು ಅಲ್ಲಿನ ಪದ್ಧತಿ, ಅದನ್ನು ಸಡಿಲಿಸಬೇಡಿ. ಮಿಶ್ರ ಸಭೆಗೆ ಹೋದರೆ ನಿಮ್ಮ ಫೋನ್ ಸಂಖ್ಯೆಯನ್ನು ಗಂಡಸರಿಗೆ ಕೊಡಬೇಕಾದ ಅಗತ್ಯವಿಲ್ಲ. ಕುಡಿತ ಬಿಟ್ಟವರೆಲ್ಲ ಸಜ್ಜನರೇ ಎಂದು ಯಾರೂ ಪ್ರಮಾಣಪತ್ರ ಕೊಟ್ಟಿಲ್ಲ. ಹೊಸದಾಗಿ ಬಂದ ಹೆಂಗಸರ ಕಷ್ಟವನ್ನು ದುರುಪಯೋಗ ಮಾಡಿಕೊಳ್ಳುವವರು ಎಲ್ಲ ದೇಶಗಳ ಗುಂಪುಗಳಲ್ಲೂ ಇದ್ದಾರೆ. ಯಾರಾದರೂ ಹಾಗೆ ನಡೆದುಕೊಂಡರೆ ಸಭೆ ನಡೆಸುವವರಿಗೆ ತಿಳಿಸಿ, ಅವರು ಲಕ್ಷ್ಯ ಕೊಡದಿದ್ದರೆ ಗುಂಪನ್ನೇ ಬದಲಿಸಿ. ಗುಂಪು ಬದಲಿಸುವುದನ್ನು ಚಿಕಿತ್ಸೆಯನ್ನೇ ಬಿಡುವುದಕ್ಕೆ ನೆಪ ಮಾಡಿಕೊಳ್ಳಬೇಡಿ.

ಪ್ರಶ್ನೆ: ನನ್ನ ತಮ್ಮ ಅಮೆರಿಕದಲ್ಲಿದ್ದಾನೆ. ಅಲ್ಲಿ ಸಭೆಗಳು ಬೇಕಾದಷ್ಟಿವೆ, ಆದರೆ ಇಂಗ್ಲಿಷಿನಲ್ಲಿ ಮನಸ್ಸು ಬಿಚ್ಚಲಾಗುವುದಿಲ್ಲ ಎನ್ನುತ್ತಾನೆ. ಎಷ್ಟು ಕಾಲ ಹೋಗಬೇಕಾಗುತ್ತದೆ ಎಂದೂ ಕೇಳುತ್ತಾನೆ. — ಶಿವಮೊಗ್ಗ

ಉತ್ತರ: ಕನ್ನಡದ ಆನ್‌ಲೈನ್ ಸಭೆಯ ಬಗ್ಗೆ ಬೆಂಗಳೂರಿನ ಗುಂಪುಗಳನ್ನು ಅವರು ವಿಚಾರಿಸಬಹುದು. ನಮ್ಮ ಸಂಜೆ ಏಳು ಗಂಟೆ ಎಂದರೆ ಅಮೆರಿಕದ ಪೂರ್ವ ತೀರದಲ್ಲಿ ಬೆಳಗ್ಗೆ ಎಂಟೂವರೆ ಅಥವಾ ಒಂಬತ್ತೂವರೆ. ರಜೆಯ ದಿನಗಳಲ್ಲಿ ಹೊಂದಿಸಿಕೊಳ್ಳುವುದು ಕಷ್ಟವಲ್ಲ. ಆದರೂ ಹತ್ತಿರದ ಇಂಗ್ಲಿಷ್ ಸಭೆಯನ್ನು ಬಿಡುವುದು ಬೇಡ. ಆಸೆ ಕೆರಳಿದ ರಾತ್ರಿ ಕಾರಿನಲ್ಲಿ ಮನೆಗೆ ಬರಬಲ್ಲವರು ಶಿವಮೊಗ್ಗದಲ್ಲೋ ಬೆಂಗಳೂರಿನಲ್ಲೋ ಇರುವವರಲ್ಲ.

ಕಾಲಾವಧಿಗೆ ಯಾವ ನಿಯಮವೂ ಇಲ್ಲ. ಹೊಸಬರಿಗೆ ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆಗಳು ಎಂದು ಹಳಬರು ಹೇಳುವುದುಂಟು. ಅಷ್ಟು ಸಭೆಗಳು ಸಿಗುವ ಊರಿನಲ್ಲಿ ನಿಮ್ಮ ತಮ್ಮ ಇರುವುದರಿಂದ ಪ್ರಯತ್ನಿಸಬಹುದು. ಮೊದಲ ವರ್ಷ ವಾರಕ್ಕೆ ಎರಡು ಸಭೆಗಳಾದರೂ ಇರಲಿ ಎನ್ನುವುದು ನನ್ನ ಲೆಕ್ಕ. ಆಮೇಲಿನದನ್ನು ಅವರೂ ಅವರ ಸ್ಪಾನ್ಸರೂ ಸೇರಿ ತೀರ್ಮಾನಿಸಿಕೊಳ್ಳಲಿ.